ಐದು ಸಾವಿರ ಕ್ಯೂಸೆಕ್ ಅಂದರೆ ಎಷ್ಟು? ಗಡಿ ದಾಟುವ ನದಿಗಳ ಕುರಿತು ನಿಮ್ಮ ಪ್ರಶ್ನೆಗಳು

ಕಾವೇರಿ, ತುಂಗಭದ್ರಾ, ಕೃಷ್ಣಾ ನೀರು ಹಂಚಿಕೆಯ ಬಗ್ಗೆ ಬಂದ ಪತ್ರಗಳಲ್ಲಿ ಏಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಒಂದೇ ಸಂದೇಹ ಕೇಳಿದವರ ಪತ್ರಗಳನ್ನು ಕೂಡಿಸಿ ಒಂದೇ ಪ್ರಶ್ನೆ ಮಾಡಿದ್ದೇವೆ. ‘ನೀರು ಬಿಡಬೇಕೋ ಬಾರದೋ’ ಎಂದಷ್ಟೇ ಕೇಳಿದ ಪತ್ರಗಳನ್ನು ಬದಿಗಿಟ್ಟಿದ್ದೇವೆ. ಅದಕ್ಕೆ ಉತ್ತರ ಕೊಡುವ ವೇದಿಕೆಗಳು ಬೇರೆ ಇವೆ.

ಪ್ರಶ್ನೆ: 2023ರಲ್ಲಿ ‘15 ದಿನ 5,000 ಕ್ಯೂಸೆಕ್ ಬಿಡಿ’ ಎಂಬ ಆದೇಶ ಬಂತು. ಅದು ಒಟ್ಟು ಎಷ್ಟು ನೀರು? ಅಷ್ಟೂ ನೀರನ್ನು ಕೆಆರ್‌ಎಸ್‌ನಿಂದಲೇ ಬಿಡಬೇಕಾ? (ಮಂಡ್ಯದ ಓದುಗರು)

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. 5,000 ಕ್ಯೂಸೆಕ್ ದಿನಕ್ಕೆ 0.432 ಟಿಎಂಸಿ, 15 ದಿನಕ್ಕೆ 6.48 ಟಿಎಂಸಿ. ಈ ಒಂದು ಗುಣಾಕಾರ ಗೊತ್ತಿದ್ದರೆ ಟಿವಿಯಲ್ಲಿ ಕೇಳುವ ಅರ್ಧಕ್ಕರ್ಧ ಗದ್ದಲ ತಿಳಿಯಾಗುತ್ತದೆ.

ಎರಡನೆಯ ಮಾತೇ ಮುಖ್ಯ. ಲೆಕ್ಕ ಹಿಡಿಯುವುದು ಕೆಆರ್‌ಎಸ್ ಗೇಟಿನ ಬಳಿ ಅಲ್ಲ, ಗಡಿಯ ಬಿಳಿಗುಂಡ್ಲುವಿನಲ್ಲಿ. ಅಲ್ಲಿರುವುದು ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ. ಕೆಆರ್‌ಎಸ್ ಮತ್ತು ಕಬಿನಿಯಿಂದ ಬಿಟ್ಟ ನೀರಿನ ಜತೆಗೆ ಶಿಂಷಾ, ಅರ್ಕಾವತಿ, ಸುವರ್ಣಾವತಿಯ ನೀರು, ನಡುವಿನ ಹಳ್ಳಕೊಳ್ಳದ ಮಳೆನೀರು ಎಲ್ಲವೂ ಅಲ್ಲಿ ಒಟ್ಟಿಗೇ ಅಳತೆಗೆ ಸಿಗುತ್ತದೆ. ಕನಕಪುರ, ಮಳವಳ್ಳಿ ಕಡೆ ಒಳ್ಳೆ ಮಳೆ ಬಿದ್ದರೆ ಜಲಾಶಯದ ಹೊರಹರಿವು ತಗ್ಗಿಸಿದರೂ ಬಿಳಿಗುಂಡ್ಲುವಿನಲ್ಲಿ ಅಂಕಿ ಕೂಡಿಬರುತ್ತದೆ. ಬೇಸಿಗೆಯಲ್ಲಿ ಇದರ ತದ್ವಿರುದ್ಧ: ಒಣಗಿದ ಮರಳು ಹಾಸು ಮೊದಲು ತನ್ನ ಪಾಲು ಕುಡಿಯುತ್ತದೆ, ದಾರಿಯಲ್ಲಿ ಪಂಪುಗಳೂ ಎತ್ತುತ್ತವೆ, ಬಿಟ್ಟಷ್ಟು ಮುಟ್ಟುವುದಿಲ್ಲ. ಅಲ್ಲದೆ ಇಲ್ಲಿ ಗೇಟು ಎತ್ತಿದ ಗಳಿಗೆಗೆ ಅಲ್ಲಿ ನೀರು ಇರುವುದಿಲ್ಲ, ಎರಡು ಮೂರು ದಿನದ ದಾರಿ. ಆದೇಶದ ಮೊದಲ ದಿನವೇ ‘ನೀರು ಬಂದಿಲ್ಲ’ ಎಂದು ಆಚೆಯವರು, ‘ಬಿಟ್ಟಾಗಿದೆ’ ಎಂದು ಈಚೆಯವರು ಹೇಳಿದರೆ ಇಬ್ಬರದೂ ನಿಜವೇ ಇರಬಹುದು.

ಪ್ರಶ್ನೆ: ಹರಿಯುವ ನದಿಯನ್ನು ಅಳೆಯುವುದು ಹೇಗೆ? ಆ ಅಳತೆ ತಪ್ಪುವುದಿಲ್ಲವೇ? (ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿನಿ)

ತಪ್ಪುತ್ತದೆ, ಹಾಗಾಗಿಯೇ ಅದಕ್ಕೊಂದು ಕಟ್ಟುನಿಟ್ಟಿನ ಕ್ರಮವಿದೆ. ಮೊದಲು ನದಿಯ ಅಡ್ಡಸೀಳನ್ನು ಲಂಬ ಪಟ್ಟಿಗಳಾಗಿ ಭಾಗ ಮಾಡುತ್ತಾರೆ. ಯಾವ ಒಂದು ಪಟ್ಟಿಯಲ್ಲೂ ಒಟ್ಟು ಹರಿವಿನ ಶೇ 10ಕ್ಕಿಂತ ಹೆಚ್ಚು ಇರಬಾರದು ಎಂಬುದು ರೂಢಿಯ ನಿಯಮ. ಪ್ರತಿ ಪಟ್ಟಿಯ ಆಳ ನೋಡಿ, ಮೇಲ್ಮೈಯಿಂದ ಆಳದ 0.6 ಭಾಗದಲ್ಲಿ ಕರೆಂಟ್ ಮೀಟರ್ ಇಳಿಸಿ ವೇಗ ಹಿಡಿಯುತ್ತಾರೆ. ಆಳ ಹೆಚ್ಚಿದ್ದರೆ 0.2 ಮತ್ತು 0.8ರಲ್ಲಿ ಎರಡು ಸಲ ಹಿಡಿದು ಸರಾಸರಿ ತೆಗೆಯುತ್ತಾರೆ. ಅಗಲ, ಆಳ, ವೇಗ ಗುಣಿಸಿದರೆ ಆ ಪಟ್ಟಿಯ ಹರಿವು. ಎಲ್ಲ ಪಟ್ಟಿ ಕೂಡಿಸಿದರೆ ನದಿಯ ಹರಿವು.

ಇದನ್ನು ಗಂಟೆಗೊಮ್ಮೆ ಮಾಡಲಾಗದು. ಅದಕ್ಕೇ ನೀರಿನ ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧದ ಗೆರೆಯೊಂದನ್ನು ಮೊದಲೇ ಎಳೆದಿಟ್ಟುಕೊಂಡು, ದಡದ ಮಾಪಕ ಪಟ್ಟಿಯ ಮಟ್ಟ ಓದಿ ಕ್ಯೂಸೆಕ್ ಹೇಳುತ್ತಾರೆ. ಎಡವಟ್ಟಾಗುವುದು ಇಲ್ಲೇ. ದೊಡ್ಡ ಪ್ರವಾಹ ಬಂದುಹೋದ ಮೇಲೆ ತಳ ಕೊರೆದಿರುತ್ತದೆ ಅಥವಾ ಮರಳು ಕೂತಿರುತ್ತದೆ. ಅದೇ ಮಟ್ಟ, ಆದರೆ ಹರಿವು ಬೇರೆ. ಹೊಸದಾಗಿ ಅಳೆದು ಗೆರೆ ತಿದ್ದದಿದ್ದರೆ ದಿನದಿನದ ಚಿಕ್ಕ ತಪ್ಪು ತಿಂಗಳ ಕೊನೆಗೆ ಟಿಎಂಸಿ ಲೆಕ್ಕಕ್ಕೆ ಹೋಗುತ್ತದೆ. ಕಡಿಮೆ ಹರಿವಿನಲ್ಲಿ ಈ ದೋಷದ ಪಾಲು ಇನ್ನೂ ದೊಡ್ಡದು, ಜಗಳ ಆಗುವುದೂ ಕಡಿಮೆ ಹರಿವಿನಲ್ಲೇ. ಅಳೆಯುವ ಕೈ ಎರಡೂ ರಾಜ್ಯದ್ದಲ್ಲದೆ ಮೂರನೆಯವರದ್ದಾಗಿರುವುದಕ್ಕೆ ಕಾರಣ ಇದು.

ಪ್ರಶ್ನೆ: ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಎನ್ನುತ್ತಾರೆ. ಜುಲೈನಲ್ಲೇ ಪ್ರವಾಹ ಬಂದು ಅಷ್ಟೂ ಹರಿದುಹೋದರೆ ಆ ವರ್ಷದ ಬಾಕಿ ತೀರಿತಲ್ಲವೇ? (ಮೈಸೂರಿನ ಓದುಗರು)

ಸಾಮಾನ್ಯ ತಿಳಿವಳಿಕೆಗೆ ಹೌದು ಅನಿಸುತ್ತದೆ, ಆದರೆ ಕಾಗದದ ಮೇಲೆ ಅಷ್ಟು ಸುಲಭವಿಲ್ಲ. ಜಲವರ್ಷ ಜೂನ್ 1ಕ್ಕೆ ಶುರು, ಮೇ 31ಕ್ಕೆ ಮುಕ್ತಾಯ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬಿಳಿಗುಂಡ್ಲುವಿನ ಮಾಸಿಕ ಪಟ್ಟಿ ಹೀಗಿದೆ, ಟಿಎಂಸಿಯಲ್ಲಿ: ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76, ಅಕ್ಟೋಬರ್ 20.22, ನವೆಂಬರ್ 13.78, ಡಿಸೆಂಬರ್ 7.35, ಜನವರಿ 2.76, ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ 2.5. ಆಗಸ್ಟ್‌ನ ಪಾಲನ್ನು ದಿನಕ್ಕೆ ಇಳಿಸಿದರೆ ಸುಮಾರು 17,150 ಕ್ಯೂಸೆಕ್. ಜನವರಿಯದ್ದು ಸಾವಿರ ಚಿಲ್ಲರೆ.

ಪಟ್ಟಿ ತಿಂಗಳುವಾರು ಇರುವುದು ಬೆಳೆಯ ಸಲುವಾಗಿ. ತಮಿಳುನಾಡಿನ ಮೆಟ್ಟೂರು ಜಲಾಶಯದಿಂದ ಜೂನ್ 12ಕ್ಕೆ ನಾಲೆಗೆ ನೀರು ಬಿಡುವುದು ಹಳೆಯ ರೂಢಿ. ಅಲ್ಲಿನ ಮೊದಲ ಭತ್ತದ ಬೆಳೆ ಕುರುವೈಗೆ ಜೂನ್–ಜುಲೈ ನೀರು ಬೇಕು, ನಂತರದ ಭತ್ತ ಸಾಂಬಾಗೆ ಆಮೇಲಿನದ್ದು ಬೇಕು. ಮೆಟ್ಟೂರು ಹಿಡಿಯುವುದು 93.47 ಟಿಎಂಸಿ. ಅದು ತುಂಬಿದ ಮೇಲೆ ಬರುವ ಪ್ರವಾಹ ಕೆಳಗೆ ಕಾವೇರಿಯ ಕವಲಾದ ಕೊಳ್ಳಿಡಂ ಹಿಡಿದು ಸಮುದ್ರ ಸೇರುತ್ತದೆ. 2022–23ರಂಥ ತುಂಬು ವರ್ಷದಲ್ಲಿ ನಿಗದಿಯ ಮೂರರಷ್ಟಕ್ಕೂ ಹೆಚ್ಚು ನೀರು ಬಿಳಿಗುಂಡ್ಲು ದಾಟಿತು. ಮರುವರ್ಷದ ಬರಕ್ಕೆ ಅದರ ಒಂದು ಹನಿಯೂ ಜಮೆಯಾಗಲಿಲ್ಲ. ಒಂದು ವರ್ಷದ ಹೆಚ್ಚುವರಿಯನ್ನು ಮುಂದಿನ ವರ್ಷದ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇಲ್ಲ.

ಕಾವೇರಿ ನ್ಯಾಯಮಂಡಳಿಯ ತೀರ್ಪಿನಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಒಂದು ಅವಕಾಶವಿದೆ. ಒಂದು ರಾಜ್ಯ ತನ್ನ ತಿಂಗಳ ಪಾಲನ್ನು ಬಳಸಲಾಗದಿದ್ದರೆ ನಿಗದಿತ ಜಲಾಶಯದಲ್ಲಿ ಉಳಿಸಿಡಲು ಕೇಳಬಹುದು, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಒಪ್ಪಿದರೆ ಅದೇ ಜಲವರ್ಷದ ಮುಂದಿನ ತಿಂಗಳಲ್ಲಿ ಬಳಸಬಹುದು. ಮಾತು ಚೆನ್ನಾಗಿದೆ. ಆದರೆ ತನ್ನ ನೀರನ್ನು ಪಕ್ಕದವನ ಹಗೇವಿನಲ್ಲಿ ಇಟ್ಟುಬರುವಷ್ಟು ನಂಬಿಕೆ ಬೇಕಲ್ಲ, ಅದು ಇಬ್ಬರಲ್ಲೂ ಇಲ್ಲ.

ಪ್ರಶ್ನೆ: ‘ಸಂಕಷ್ಟ ಸೂತ್ರ’ ಎಂಬ ಮಾತು ಪ್ರತಿ ಬರಗಾಲದಲ್ಲೂ ಬರುತ್ತದೆ. ಸೂತ್ರ ಅಂತ ಒಂದು ಇದೆಯೇ ಇಲ್ಲವೇ? (ಮಂಡ್ಯ, ಚಾಮರಾಜನಗರ, ಬೆಂಗಳೂರಿನಿಂದ ಬಂದ ಪತ್ರಗಳು)

ತತ್ವ ಇದೆ, ಎಲ್ಲರೂ ಒಪ್ಪಿ ಸಹಿ ಹಾಕಿದ ಸೂತ್ರ ಇಲ್ಲ. 2007ರ ಫೆಬ್ರುವರಿ 5ರ ನ್ಯಾಯಮಂಡಳಿಯ ಅಂತಿಮ ತೀರ್ಪು ಕಣಿವೆಯ ಒಟ್ಟು ನೀರನ್ನು 740 ಟಿಎಂಸಿ ಎಂದು ಹಿಡಿಯಿತು. ಎರಡು ವರ್ಷಕ್ಕೊಮ್ಮೆಯಾದರೂ ಸಿಗುವ ನೀರು ಎಂಬ ಲೆಕ್ಕ. ಸುಪ್ರೀಂ ಕೋರ್ಟ್ ತಿದ್ದಿದ ಮೇಲೆ ಅದರಲ್ಲಿ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25, ಕೇರಳಕ್ಕೆ 30, ಪುದುಚೇರಿಗೆ 7. ಪರಿಸರಕ್ಕೆ 10, ತಡೆಯಲಾಗದೆ ಸಮುದ್ರ ಸೇರುವುದು 4. ನೀರು ಇದಕ್ಕಿಂತ ಕಡಿಮೆಯಾದರೆ ಎಲ್ಲರ ಪಾಲೂ ದಾಮಾಷಾ ಪ್ರಕಾರ, ಅಂದರೆ ಅವರವರ ಪಾಲಿನ ಅನುಪಾತದಲ್ಲಿ, ಇಳಿಯಬೇಕು. ತತ್ವ ಇಷ್ಟೇ.

ಈಗ ಕಾವೇರಿ ನೀರು ನಿಯಂತ್ರಣ ಸಮಿತಿಯಲ್ಲಿ ನಡೆಯುವ ಲೆಕ್ಕದ ದಾರಿ ನೋಡಿ. ಕರ್ನಾಟಕದ ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ ಈ ನಾಲ್ಕರ ಒಳಹರಿವನ್ನು ಜೂನ್ 1ರಿಂದ ಕೂಡಿಸುತ್ತಾರೆ. ಹಿಂದಿನ 30 ವರ್ಷಗಳ ಅದೇ ಅವಧಿಯ ಸರಾಸರಿಯ ಪಕ್ಕ ಇಡುತ್ತಾರೆ. ಎಷ್ಟು ಶೇಕಡಾ ಕೊರತೆಯೋ ಅಷ್ಟು ಶೇಕಡಾ ಬಿಳಿಗುಂಡ್ಲುವಿನ ಪಾಲಿಗೂ ಕಡಿತ.

ಅಂಕಿ ಹಾಕಿ ನೋಡೋಣ. ಒಳಹರಿವಿನ ಅಂಕಿಗಳು ಲೆಕ್ಕಕ್ಕೆ ಕಲ್ಪಿಸಿದವು. ಸೆಪ್ಟೆಂಬರ್ ಕೊನೆಗೆ ಸರಾಸರಿ ಒಳಹರಿವು 200 ಟಿಎಂಸಿ, ಈ ವರ್ಷ ಬಂದದ್ದು 120 ಅನ್ನಿ. ಕೊರತೆ ಶೇ 40. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪಟ್ಟಿಯ ಮೊತ್ತ 123.14. ಅದರ ಶೇ 60 ಎಂದರೆ 73.88. ಬಿಳಿಗುಂಡ್ಲುವಿಗೆ ಅಷ್ಟರಲ್ಲಿ 50 ಮುಟ್ಟಿದ್ದರೆ ಬಾಕಿ 23.88 ಟಿಎಂಸಿ. ಇದನ್ನು 15 ದಿನದಲ್ಲಿ ತೀರಿಸಿ ಎಂದರೆ ದಿನಕ್ಕೆ 18,400 ಕ್ಯೂಸೆಕ್ ದಾಟುತ್ತದೆ. ಒಂದು ತಿಂಗಳು ಕೊಟ್ಟರೆ 9,200. ಬರದ ವರ್ಷದಲ್ಲಿ ಈ ಎರಡೂ ಬಿಡಲಾಗದ ಪ್ರಮಾಣವೇ. ಬಾಕಿಯನ್ನು ಆಗಸ್ಟ್‌ನಲ್ಲೇ ಗಮನಿಸಿ ಸಣ್ಣ ಕಂತು ಮಾಡಿದ್ದರೆ ಈ ಸ್ಥಿತಿ ಬರುತ್ತಿರಲಿಲ್ಲ. ಪ್ರತಿ ಬರದಲ್ಲೂ ಆಗುವ ಎಡವಟ್ಟು ಇದೇ: ಜೂನ್, ಜುಲೈ ಪೂರ್ತಿ ‘ಮಳೆ ಬಂದೀತು’ ಎಂದು ಕಾಯುವುದು, ಆಗಸ್ಟ್ ಕೊನೆಗೆ ಬಾಕಿಯ ಗಂಟು ಬಿಚ್ಚುವುದು.

ತಕರಾರು ಎಲ್ಲೆಲ್ಲಿ? ನಾಲ್ಕು ಜಲಾಶಯದ ಒಳಹರಿವಷ್ಟೇ ಸಾಕೇ, ಮೆಟ್ಟೂರಿನ ಸಂಗ್ರಹ, ತಮಿಳುನಾಡಿನ ಭವಾನಿಸಾಗರ, ಅಮರಾವತಿ ಜಲಾಶಯಗಳು ಕೂಡ ಸೇರಬೇಕೇ ಎಂಬುದು ಒಂದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತಮಿಳುನಾಡಿಗೆ ಬೀಳುವ ಹಿಂಗಾರು ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದು ಕರ್ನಾಟಕದ ವಾದ. ಆ ಮಳೆ ಬೀಳುವ ಮೊದಲೇ ಕುರುವೈ ಒಣಗುತ್ತದೆ ಎಂಬುದು ಆ ಕಡೆಯ ಉತ್ತರ. ಕುಡಿಯುವ ನೀರನ್ನು ಮೊದಲು ತೆಗೆದಿಟ್ಟು ಉಳಿದದ್ದಕ್ಕೆ ಕಡಿತ ಹಾಕಬೇಕೇ, ಒಟ್ಟಿನ ಮೇಲೇ ಹಾಕಬೇಕೇ ಎಂಬುದು ಮತ್ತೊಂದು. ಬೆಂಗಳೂರಿನ ಬೇಡಿಕೆ ನೋಡಿದರೆ ಇದು ಚಿಕ್ಕ ಮಾತಲ್ಲ. 2018ರ ತೀರ್ಪು ಆ ನಗರಕ್ಕೆಂದೇ 4.75 ಟಿಎಂಸಿ ಹೆಚ್ಚಿಸಿತ್ತು.

ನಮ್ಮ ಅಭಿಪ್ರಾಯ ಕೇಳಿದರೆ, ದಾಮಾಷಾ ಕಡಿತ ಶೇಕಡಾವಾರು ಸಮ, ನೋವಿನಲ್ಲಿ ಸಮವಲ್ಲ. ನಾಟಿಗೆ ಮೊದಲೇ ‘ಈ ಸಲ ಭತ್ತ ಬೇಡ, ರಾಗಿ ಹಾಕಿ’ ಎಂದು ಹೇಳಿಸಿಕೊಂಡ ರೈತನಿಗೂ, ನಾಟಿಯಾಗಿ 40 ದಿನಕ್ಕೆ ನೀರು ನಿಂತ ರೈತನಿಗೂ ನಷ್ಟ ಒಂದೇ ಅಲ್ಲ. ಹಾಗಾಗಿ ಕೊರತೆಯ ಮೊದಲ ಲೆಕ್ಕ ಜುಲೈ ಮಧ್ಯದೊಳಗೆ, ಎರಡೂ ಕಡೆ ಸಸಿಮಡಿಯಲ್ಲಿ ಪೈರು ಇರುವಾಗಲೇ ಆಗಬೇಕು. ಸೂತ್ರದಲ್ಲಿ ಶೇಕಡಾವಾರಿಗಿಂತ ಮೊದಲು ಬರೆಯಬೇಕಾದ್ದು ತಾರೀಖು.

ಪ್ರಶ್ನೆ: ತುಂಗಭದ್ರಾ ನೀರನ್ನೂ ಮೂರು ರಾಜ್ಯ ಹಂಚಿಕೊಳ್ಳುತ್ತವೆ. ಅಲ್ಲಿ ಕಾವೇರಿಯಷ್ಟು ಗಲಾಟೆ ಯಾಕಿಲ್ಲ? (ಸಿರುಗುಪ್ಪದ ಓದುಗರು)

ಗಲಾಟೆ ಇಲ್ಲವೆಂದಲ್ಲ, ಅದು ಹೊಸಪೇಟೆಯಲ್ಲಿ ಶುರುವಾಗಿ ಹೊಸಪೇಟೆಯಲ್ಲೇ ಮುಗಿಯುತ್ತದೆ. ಆಂಧ್ರ ರಾಜ್ಯ ಕಾಯ್ದೆಯಡಿ 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿಯಲ್ಲಿ ಕೇಂದ್ರದ ಅಧ್ಯಕ್ಷರು, ಕೇಂದ್ರ, ಕರ್ನಾಟಕ, ಆಂಧ್ರ ಮತ್ತು ಈಗ ತೆಲಂಗಾಣದ ಸದಸ್ಯರು ಇದ್ದಾರೆ. ಕಾವೇರಿ ಪ್ರಾಧಿಕಾರ ‘ಬಿಡಿ’ ಎಂದು ಹೇಳಬಲ್ಲದು, ಗೇಟಿನ ಕೀಲಿ ರಾಜ್ಯದ ಕೈಯಲ್ಲಿ. ತುಂಗಭದ್ರೆಯಲ್ಲಿ ಅಣೆಕಟ್ಟೆ, ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳ ಸಾಮಾನ್ಯ ಭಾಗ ಮಂಡಳಿಯ ಸುಪರ್ದಿಯಲ್ಲೇ ಇವೆ. ವ್ಯತ್ಯಾಸ ಇಲ್ಲಿದೆ.

ಹಂಚಿಕೆ ಹೀಗೆ: ಒಟ್ಟು 230 ಟಿಎಂಸಿ, ಅದರಲ್ಲಿ 18 ಆವಿಯಾಗುವುದಕ್ಕೆ. ಉಳಿದ 212ರಲ್ಲಿ ಕರ್ನಾಟಕಕ್ಕೆ 138.99, ಹಿಂದಿನ ಆಂಧ್ರಕ್ಕೆ 73.01. ಆ 73.01 ಒಡೆದರೆ ಕೆಳಮಟ್ಟದ ಕಾಲುವೆ 24, ಮೇಲ್ಮಟ್ಟದ ಕಾಲುವೆ 32.5, ಕರ್ನೂಲು–ಕಡಪ ಕಾಲುವೆಗೆ 10, ರಾಜೋಳಿಬಂಡಾ ತಿರುವು ಯೋಜನೆಗೆ 6.51. ಕೊನೆಯದು ಈಗ ತೆಲಂಗಾಣದ ಪಾಲು. ಆವಿ ನಷ್ಟವನ್ನೂ 12.5 ಮತ್ತು 5.5 ಎಂದು ಹಂಚಿದ್ದಾರೆ, ಹೀಗೆ ಖಾತೆಗಳು 151.49 ಮತ್ತು 78.51.

ಅಷ್ಟು ನೀರು ಬರುವುದು ಅಪರೂಪ. ಜಲಾಶಯ ಕಟ್ಟಿದಾಗ 132 ಟಿಎಂಸಿ ದಾಟಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105.788. ಹಾಗಾಗಿ ಹಂಗಾಮಿನ ಆರಂಭದಲ್ಲಿ ಮಂಡಳಿ ಇಷ್ಟು ಬಂದೀತೆಂದು ಅಂದಾಜು ಮಾಡಿ ಪಾಲು ಇಳಿಸುತ್ತದೆ. ಅಂದಾಜು 172.5 ಎಂದಾದರೆ ಅದು 230ರ ಶೇ 75, ಕರ್ನಾಟಕಕ್ಕೆ 113.62, ಉಳಿದವರಿಗೆ 58.88. ಮುಂದೆ ಮಳೆ ನೋಡಿಕೊಂಡು ಅಂದಾಜು ತಿದ್ದುತ್ತಾರೆ. ರಾಜ್ಯಗಳು ತಮಗೆ ಇಂಥ ಕಾಲುವೆಗೆ ಇಷ್ಟು ಕ್ಯೂಸೆಕ್ ಬೇಕೆಂದು ಇಂಡೆಂಟ್ ಕೊಡುತ್ತವೆ, ಬಿಟ್ಟದ್ದು ಅವರವರ ಖಾತೆಗೆ ಖರ್ಚು ಬೀಳುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನ ಹಾಗೆ.

ನಿಮ್ಮ ಭಾಗದ ನಿಜವಾದ ತೊಂದರೆ ಖಾತೆಯಲ್ಲಿಲ್ಲ, ಕಾಲುವೆಯಲ್ಲಿದೆ. ಕೆಳಮಟ್ಟದ ಕಾಲುವೆ ಬಳ್ಳಾರಿ ಕಡೆಯ ನೂರಾರು ಕಿಲೋಮೀಟರ್ ದಾಟಿ ಆಂಧ್ರಕ್ಕೆ ಹೋಗುತ್ತದೆ. ತಲೆಯಲ್ಲಿ ಬಿಟ್ಟ ನೀರು ಗಡಿಯಲ್ಲಿ ಅಷ್ಟೇ ಇರುವುದಿಲ್ಲ: ಸೋರಿಕೆ, ಜೊಂಡು, ರಾತ್ರಿ ಹೊತ್ತು ಕಾಲುವೆಗೆ ಇಳಿಯುವ ಪಂಪುಗಳು. ಗಡಿಯಲ್ಲಿ ಮಟ್ಟ ತಗ್ಗಿದರೆ ಆಚೆಯ ತೂಬುಗಳಿಗೆ ನೀರು ಏರುವುದೇ ಇಲ್ಲ. 10 ದಿನ ಅರ್ಧ ಕಾಲುವೆ ಹರಿಸುವುದಕ್ಕಿಂತ 5 ದಿನ ತುಂಬು ಕಾಲುವೆ ಹರಿಸಿ 5 ದಿನ ನಿಲ್ಲಿಸುವುದು ಕೊನೆ ಭಾಗಕ್ಕೆ ಒಳ್ಳೆಯದು. ಕೆಆರ್‌ಎಸ್ ನಾಲೆಯವರು ‘ಕಟ್ಟು ನೀರು’ ಎನ್ನುವುದು ಇದನ್ನೇ.

ಪ್ರಶ್ನೆ: ಟಿಬಿ (ತುಂಗಭದ್ರಾ) ಡ್ಯಾಂನ 19ನೇ ಗೇಟು ಹೋದಾಗ ಉಳಿದ ಗೇಟುಗಳನ್ನೂ ತೆರೆದದ್ದು ಯಾಕೆ? ಇದ್ದ ನೀರೂ ಹೋಯಿತಲ್ಲ? (ಕೊಪ್ಪಳದ ಓದುಗರು)

2024ರ ಆಗಸ್ಟ್ 10ರ ರಾತ್ರಿ ಗೇಟಿನ ಸರಪಳಿ ತುಂಡಾಗಿ 19ನೇ ಕ್ರಸ್ಟ್ ಗೇಟ್ (ಕಟ್ಟೆಯ ಮೇಲ್ಭಾಗದ ಗೇಟು) ಕೊಚ್ಚಿಹೋಯಿತು. ಅಣೆಕಟ್ಟೆಯಲ್ಲಿ ಒಟ್ಟು 33 ಗೇಟು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ತುಂಬಿದ ಮಟ್ಟ 1,633 ಅಡಿ, ಗೇಟು ಕೂರುವ ಹೊಸಿಲು 1,613 ಅಡಿ. ಗೇಟಿಲ್ಲದ ಕಿಂಡಿಯಲ್ಲಿ 20 ಅಡಿ ನೀರು ಬಿರುಸಾಗಿ ನುಗ್ಗುವಾಗ ಅಲ್ಲಿಗೆ ಏನನ್ನೂ ಇಳಿಸಲಾಗದು. ಉಳಿದ ಗೇಟುಗಳಿಂದ ಬಿಟ್ಟು ಮಟ್ಟ ತಗ್ಗಿಸಿದರೆ ಆ ಒಂದು ಕಿಂಡಿಯ ಬಿರುಸೂ, ಕಟ್ಟೆಯ ಮೇಲಿನ ಒತ್ತಡವೂ ತಗ್ಗುತ್ತದೆ.

ನೀರು ಹೊಸಿಲಿಗಿಳಿಯುವವರೆಗೆ ಕಾಯದೆ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಆಗಸ್ಟ್ 17ರ ವೇಳೆಗೆ ಕಿಂಡಿ ಮುಚ್ಚಿದರು. ಆ ಹಲಗೆಗಳನ್ನು ತುರ್ತಾಗಿ ತಯಾರಿಸಬೇಕಾಗಿ ಬಂದದ್ದೇ ಇಲ್ಲಿಯ ಪಾಠ. ಮೂರು ರಾಜ್ಯದ ಬೆಳೆ ನಿಂತಿರುವ ಅಣೆಕಟ್ಟೆಯಲ್ಲಿ ಅಂಥದೊಂದು ಜೊತೆ ಉಗ್ರಾಣದಲ್ಲಿರಬೇಕು, ಹಂಗಾಮಿಗೆ ಮೊದಲು ಸರಪಳಿಯ ಕೊಂಡಿ ಕೊಂಡಿ ತಡವಿ ನೋಡಬೇಕು. ನೀರಿನ ಪಾಲನ್ನು ಎರಡು ದಶಮಾಂಶದವರೆಗೆ ಹಂಚುವವರು ದುರಸ್ತಿಯ ಖರ್ಚು ಹಂಚುವಾಗ ಕೈ ಹಿಂದೆಗೆದರೆ ಹೀಗಾಗುತ್ತದೆ.

ಪ್ರಶ್ನೆ: ಮಹಾರಾಷ್ಟ್ರ ನೀರು ಬಿಟ್ಟರೆ ನಮ್ಮ ಊರು ಮುಳುಗುತ್ತದೆ, ಅವರು ಆಲಮಟ್ಟಿಯಿಂದ ಸಾಂಗ್ಲಿ ಮುಳುಗುತ್ತದೆ ಎನ್ನುತ್ತಾರೆ. ಮುನ್ನೆಚ್ಚರಿಕೆಗೆ ಯಾವ ಅಂಕಿ ನೋಡಬೇಕು? (ಚಿಕ್ಕೋಡಿ ತಾಲ್ಲೂಕಿನ ಓದುಗರು)

ಬರದಲ್ಲಿ ಜಗಳ ಪಾಲಿಗೆ, ಪ್ರವಾಹದಲ್ಲಿ ಸುದ್ದಿಗೆ. ಇಲ್ಲಿ ಬೇಕಾದದ್ದು ನ್ಯಾಯಮಂಡಳಿ ಅಲ್ಲ, ಫೋನು. ಮಹಾರಾಷ್ಟ್ರದ ಕೊಯ್ನಾ ಜಲಾಶಯ ಹಿಡಿಯುವುದು 105.25 ಟಿಎಂಸಿ. ಅದರ ಹೊರಹರಿವು ಮೊದಲ ಸುಳಿವು. ಆದರೆ ಅಣೆಕಟ್ಟೆಯ ಕೆಳಗಿನ ಬಯಲಿನಲ್ಲಿ ಬಿದ್ದ ಮಳೆ ಅದರಲ್ಲಿ ಇರುವುದಿಲ್ಲ. ನಿಮಗೆ ಹೆಚ್ಚು ಉಪಯೋಗದ್ದು ಗಡಿಯಾಚೆ ಕೃಷ್ಣೆಗೆ ಕಟ್ಟಿದ ರಾಜಾಪುರ ಬ್ಯಾರೇಜಿನ ಹರಿವು. ಅದಕ್ಕೆ ದೂಧಗಂಗೆಯ ಹರಿವು ಸೇರಿಸಿದರೆ ಕಲ್ಲೋಳದಲ್ಲಿ ಕೃಷ್ಣೆ ಎಷ್ಟಾದೀತು ಎಂದು ತಿಳಿಯುತ್ತದೆ. ಎರಡೂ ಒಟ್ಟಿಗೆ ಏರುತ್ತಿದ್ದರೆ ದನಕರು, ಪಂಪ್‌ಸೆಟ್ ಮೇಲಕ್ಕೆ ಸಾಗಿಸಲು ಕಲ್ಲೋಳದ ಅಂಕಿ ಬರುವವರೆಗೆ ಕಾಯಬೇಡಿ. ನದಿದಂಡೆಯ ಮೋಟರು ಬಿಚ್ಚುವ ಕೆಲಸ ಹಗಲಲ್ಲೇ ಮುಗಿಯಲಿ.

ಆಲಮಟ್ಟಿ 519.60 ಮೀಟರ್‌ಗೆ ತುಂಬಿದಾಗ 123.08 ಟಿಎಂಸಿ. ಮೇಲೆ ಮಳೆ ಜೋರಾಗುವ ಮುನ್ಸೂಚನೆ ಸಿಕ್ಕರೆ ಜುಲೈ, ಆಗಸ್ಟ್‌ನಲ್ಲಿ ಎರಡು ಮೂರು ಮೀಟರ್ ತಗ್ಗಿಸಿ ಜಾಗ ಮಾಡಿಕೊಳ್ಳುತ್ತಾರೆ. ತಗ್ಗಿಸಿದ ಮೇಲೆ ಮಳೆ ಕೈಕೊಟ್ಟರೆ ಬೇಸಿಗೆಗೆ ನೀರಿಲ್ಲ ಎಂಬ ಹೆದರಿಕೆ ಇದ್ದೇ ಇದೆ. ಆ ಹೆದರಿಕೆ ಕಡಿಮೆ ಮಾಡಲು ಇರುವ ದಾರಿ ಒಂದೇ: ಮೇಲಿನ ಅಣೆಕಟ್ಟೆಯವರು ‘ಇಷ್ಟು ಬಿಟ್ಟೆವು’ ಎಂದು ಆಮೇಲೆ ತಿಳಿಸುವ ಬದಲು ‘ನಾಳೆ ಇಷ್ಟು ಹೊತ್ತಿಗೆ ಇಷ್ಟು ಬಿಡುತ್ತೇವೆ’ ಎಂದು ಮೊದಲೇ ತಿಳಿಸುವುದು. ಎರಡೂ ಕಡೆಯ ಎಂಜಿನಿಯರುಗಳು ಪ್ರವಾಹದ ದಿನಗಳಲ್ಲಿ ಪರಸ್ಪರ ಅಂಕಿ ಹಂಚಿಕೊಳ್ಳುವುದು 2019ರ ಮಹಾಪೂರದ ನಂತರ ಹೆಚ್ಚಿದೆ. ನಿಮ್ಮ ಗ್ರಾಮ ಪಂಚಾಯಿತಿಯ ವಾಟ್ಸ್ಆ್ಯಪ್ ಗುಂಪಿಗೆ ರಾಜಾಪುರದ ಬೆಳಗಿನ ಮತ್ತು ಸಂಜೆಯ ಅಂಕಿ ಹಾಕುವಂತೆ ತಹಶೀಲ್ದಾರ್ ಕಚೇರಿಯನ್ನು ಕೇಳಿ. ಒಂದು ಅಂಕಿಯಿಂದ ಏನೂ ತಿಳಿಯದು, ಎರಡರ ನಡುವಿನ ಏರಿಕೆ ನೋಡಬೇಕು.